ಹದಿನಾಲ್ಕು ದಿನದ ಬಾಲ್ಕನಿ

ಪಕ್ಕದ ಮನೆಯವರು ಇವತ್ತು ಕಾಂಕ್ರೀಟು ಹಾಕಿಸುತ್ತಿದ್ದಾರೆ. ಹಸಿ ಸಿಮೆಂಟಿನ ವಾಸನೆ ಕಿಟಕಿಯಿಂದ ಒಳಬಂದದ್ದೇ ತಡ, ಓದುತ್ತಿದ್ದ ಪುಸ್ತಕ ಮುಚ್ಚಿಟ್ಟೆ. ಹೋದ ವರ್ಷವೂ ಗೋವೆಯ ವಾಸ್ಕೋದ ಇದೇ ಕೋಣೆಯಲ್ಲಿ, ಇದೇ ಪುಸ್ತಕ ಹಿಡಿದು ಕೂತಿದ್ದೆ. ಗಲ್ಫಿನಲ್ಲಿ ಆರ್ಕಿಟೆಕ್ಟ್ ಆಗಿ ಕೆಲಸ ಮಾಡಬೇಕಾದರೆ ಅಲ್ಲಿಯ ಲೈಸೆನ್ಸ್ ಪರೀಕ್ಷೆಯನ್ನು ಇಲ್ಲಿಂದಲೇ ಬರೆದು ಪಾಸಾಗಬೇಕು. ನಾನು ನಿಯಮಗಳನ್ನು ಬಾಯಿಪಾಠ ಮಾಡುವ ಜೋರಿಗೆ, ಕೆಳಗಿನ ಮನೆಯ ಅಜ್ಜಿ ಮಂತ್ರವೆಂದು ತಿಳಿದು ಕೈಮುಗಿದಿದ್ದರಂತೆ.

ಅಪ್ಪ ಗವಂಡಿ. ಮುದ್ದೇಬಿಹಾಳದ ಕಡೆಯಿಂದ ಬಂದು ಗೋವೆಯಲ್ಲಿ ಮೂವತ್ತು ವರ್ಷ ಕಂಡವರ ಮನೆ ಕಟ್ಟಿದವರು. ಹೋದ ಸಲ ಪರೀಕ್ಷೆಗೆ ಎರಡೇ ದಿನವಿದ್ದಾಗ, ಊಟಕ್ಕೆ ಕೂತವರು ಹೇಳಿದರು: "ನಾಳಿ ಮ್ಹಾಪಸಾದಾಗ ಬಾಲ್ಕನಿ ಸೆಂಟ್ರಿಂಗ್ ಬಿಚ್ಚೋದೈತಿ." ಹಸಿ ಕಾಂಕ್ರೀಟಿಗೆ ಅದು ಗಟ್ಟಿಯಾಗುವವರೆಗೆ ಆಸರೆ ಕೊಟ್ಟ ಕಂಬ, ಹಲಗೆಗಳನ್ನು ತೆಗೆಯುವ ಕೆಲಸ ಅದು.

"ಹಾಕಿ ಎಷ್ಟ ದಿನಾ ಆತು?"

"ಆರ."

"ಯಪ್ಪಾ, ಹದಿನಾಲ್ಕ ದಿನಾನರ ಬಿಡಬೇಕು."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ನಿನ್ನ ಪುಸ್ತಕ ನನಗ ಕಲಿಸ್ತೈತೇನು?"

ಮರುದಿನ ಓದು ಬಿಟ್ಟು ಅವರ ಹಿಂದೆಯೇ ಬಸ್ಸು ಹತ್ತಿದೆ. ಅಲ್ಲಿ ಕಂತ್ರಾಟದಾರನಿಗೆ ವಿಷಯ ಹೇಳಿದರೆ ಅವನು ನಕ್ಕ: "ಮೊದ್ಲ ಪಾಸಾಗ್ರಿ, ಮೇಡಂ." ಹೋಗಿ ಬಾಲ್ಕನಿಯ ಕೆಳಗೆ ನಿಂತುಬಿಟ್ಟೆ. ಧೈರ್ಯವೆಂದುಕೊಳ್ಳಬೇಡಿ. ಕೈಯಲ್ಲೊಂದು ಮಡಚಿದ ಛತ್ರಿ ಹಿಡಿದಿದ್ದೆ, ಕಾಂಕ್ರೀಟು ಬಿದ್ದರೆ ಅದೇ ಕಾಪಾಡುತ್ತದೆಂಬಂತೆ.

"ಮೇಸ್ತ್ರಿ, ನಿಮ್ಮ ಮಗಳನ್ನ ಸರಸ್ರಿ. ಇಲ್ಲಾ, ನೀವೂ ಮನಿಗೆ ಹೋಗ್ರಿ," ಎಂದ ಅವನು.

ಅಪ್ಪ ಬಾಲ್ಕನಿಯನ್ನು ನೋಡಿದರು, ನನ್ನನ್ನು ನೋಡಿದರು. ಸುತ್ತಿಗೆ ಕೆಳಗಿಟ್ಟರು. "ನಾ ಬಿಚ್ಚಂಗಿಲ್ರಿ."

ಅವತ್ತೇ ಅವರ ಕೆಲಸ ಹೋಯಿತು. ಮರುದಿನ, ನಾನು ಪರೀಕ್ಷೆಯಲ್ಲಿ ಬೆವರುತ್ತಿದ್ದಾಗ, ಅಲ್ಲಿ ಬೇರೆಯವರು ಎರಡು ಕಂಬ ತೆಗೆದರಂತೆ. ಗೋಡೆಯ ಅಂಚಿನುದ್ದಕ್ಕೂ ಬಾಲ್ಕನಿ ಬಿರುಕು ಬಿಟ್ಟಿತು. ಎಲ್ಲರೂ ಓಡಿದರು, ಯಾರಿಗೂ ಪೆಟ್ಟಾಗಲಿಲ್ಲ. ಸಂಜೆ ಆ ಸುದ್ದಿ ಹೇಳಿದ ಅಪ್ಪ, "ಹದಿನಾಲ್ಕ ಯಾಕ? ತಿಳಿಸಿ ಹೇಳ ನೋಡೂಣು," ಎಂದರು. ನಡುವೆ ಬಾಯಿ ಹಾಕದೆ ನನ್ನ ಮಾತು ಪೂರ್ತಿ ಕೇಳಿದ್ದು ಅದೇ ಮೊದಲು.

ಆ ಪರೀಕ್ಷೆಯಲ್ಲಿ ನಾನು ಫೇಲಾದೆ. ನಾಳೆ ಮತ್ತೆ ಬರೆಯಬೇಕು.

ಈಗಷ್ಟೇ ಡಿಚೋಲಿಯಿಂದ ಅಪ್ಪನ ಫೋನು ಬಂತು. ಈಗ ಅವರ ಕೆಲಸ ಅಲ್ಲಿ. "ಯವ್ವಾ, ಇಲ್ಲಿ ಸ್ಲ್ಯಾಬ್ ಸೆಂಟ್ರಿಂಗ್ ಎಷ್ಟ ದಿನಕ್ಕ ಬಿಚ್ಚೂಣು?"

ಅವರಿಗೆ ಗೊತ್ತಿಲ್ಲದ್ದೇನಲ್ಲ. ನನಗೂ ಬಾಯಿಪಾಠವೇ. ಆದರೂ, "ತಡಿ ಯಪ್ಪಾ, ನೋಡಿ ಹೇಳ್ತೀನಿ," ಎಂದು ಪುಸ್ತಕ ತೆರೆದೆ. ಆ ಕಡೆಯಿಂದ ಅವರು ಯಾರಿಗೋ ಹೇಳುವುದು ಕೇಳಿಸಿತು:

"ನಿಂದರ್ರೋ, ಯಾರೂ ಕೈ ಹಚ್ಚಬ್ಯಾಡ್ರಿ. ನನ್ನ ಮಗಳು ನೋಡಾಕತ್ತಾಳ."