ಅಳಿಸುವ ಮುನ್ನ ಹೆಸರು

ಗೆಳೆಯರೇ, ಇವತ್ತು ಲಕ್ಷ್ಮೀಪುರಂನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಶಿವಣ್ಣನವರ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಲು ಹೋಗಿದ್ದೆ. ವೈರಸ್ ಹೊಕ್ಕು ಅದು ಮಲಗಿಬಿಟ್ಟಿತ್ತು. ಸಂಜೆಯೊಳಗೆ ಒಂದು ಮದುವೆಯ ಪತ್ರಿಕೆ ಮುಗಿಸಿ ಕೊಡಬೇಕಿತ್ತು. ಹಾರ್ಡ್ ಡಿಸ್ಕಿನ ಹಳೆಯ ಪಾರ್ಟಿಷನ್, ಅಂದರೆ ಕಡತಗಳೆಲ್ಲ ಇರುವ ಭಾಗ, ಅಳಿಸಬೇಕಾದರೆ ಅದರ ಹೆಸರು ಟೈಪ್ ಮಾಡು ಎಂದಿತು ಪರದೆ. ಶಿವಣ್ಣ ಅದಕ್ಕಿಟ್ಟಿದ್ದ ಹೆಸರು ಚಾಮುಂಡಿ.

"ತಾಯಿ ಹೆಸರು ಬರೆದು ಅಳಿಸೋದೇನೋ? ಬೇರೆ ದಾರಿ ಇಲ್ವಾ?"

"ನಂಗೆ ಗೊತ್ತಿರೋದು ಇದೊಂದೇ ಅಣ್ಣ."

ಅವರು ಕೈಕಾಲು ತೊಳೆದು ಬಂದು, ಕಣ್ಣು ಮುಚ್ಚಿ ಬೇಡಿಕೊಂಡು, ಒಂದೊಂದೇ ಅಕ್ಷರವನ್ನು ತಾವೇ ಒತ್ತಿದರು. ಎಷ್ಟೋ ಡಿಸ್ಕ್ ಒರೆಸಿಹಾಕಿದ ನನಗೆ ಮೊದಲ ಸಲ ಮೈ ಜುಮ್ಮೆಂದಿತು.

ಖಂಡಿತ ಅಳಿಸಬೇಕೇ ಎಂದು ಕಂಪ್ಯೂಟರ್ ಮತ್ತೆ ಕೇಳಿತು.

"ಇದುಕ್ಕೆ ನೀನೇ ಹೇಳ್ಬುಡು ಕಣೋ," ಎಂದು ಶಿವಣ್ಣ ಹಿಂದೆ ಸರಿದರು.

ದೇವರನ್ನು ನಾನು ಅಷ್ಟಾಗಿ ನಂಬುವವನಲ್ಲ. ಚಪ್ಪಲಿ ಬಿಟ್ಟು, ಹೌದು ಎಂದು ಒತ್ತಿದೆ.