ರಾಜರು ನಿಲ್ಲಿಸಿದ ಬಸ್ಸು

೧೯೭೮ರ ಬೇಸಿಗೆ. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತ ವರ್ಷ. ನಮ್ಮದು ದೇವದುರ್ಗ ತಾಲ್ಲೂಕಿನ ಮಸರಕಲ್, ಕುರಿ ಸಾಕುವ ಮನೆ. ನಮ್ಮ ಓಣಿಯಲ್ಲಿ ಅಷ್ಟು ಓದಿದ ಹುಡುಗಿ ನಾನೊಬ್ಬಳೇ. ಫೇಲಾದರೆ ಓದು ಬಿಟ್ಟು ಕುರಿ ಹಿಂದೆ ನಡೆಯಬೇಕು ಎಂದು ಅಪ್ಪ ಮೊದಲೇ ಹೇಳಿದ್ದ.

ಪರೀಕ್ಷೆ ದೇವದುರ್ಗದಲ್ಲಿ. ಮೊದಲ ದಿನ ಬೆಳಗಾಗುತ್ತಲೇ ಅವ್ವನ ಜೊತೆ ರಸ್ತೆಗೆ ಬಂದು ನಿಂತೆ. ರಾಯಚೂರಿನಿಂದ ಬಂದ ಬಸ್ಸು ತುಂಬಿತ್ತು, ನಿಲ್ಲಲಿಲ್ಲ. ಅದರ ಹಿಂದಿನದೂ ನಿಲ್ಲಲಿಲ್ಲ. ಇನ್ನೊಂದು ತಪ್ಪಿದರೆ ಪರೀಕ್ಷೆಯೂ ತಪ್ಪಿದಂತೆ.

"ಮನಿಗೆ ನಡಿ" ಎಂದಳು ಅವ್ವ.

"ನಾ ಬರಂಗಿಲ್ಲ" ಎಂದೆ.

ಪಕ್ಕದ ಬಯಲಿನಲ್ಲಿ ರಾತ್ರಿಯಿಡೀ ನಡೆದ ಬಯಲಾಟ ಮುಗಿಯುವುದರಲ್ಲಿತ್ತು. ರಾಜನ ಪಾತ್ರ ಮಲ್ಲಪ್ಪನವರದು. ರಾಯಚೂರು, ಮಾನ್ವಿ ಕಡೆಯವರೆಗೂ ಅವರ ಹೆಸರು ಗೊತ್ತಿಲ್ಲದವರಿರಲಿಲ್ಲ. ಹಗಲಾದರೆ ಅವರೂ ಕುರಿ ಕಾಯುವವರೇ. ಅವ್ವ ಓಡಿಹೋಗಿ ಅವರ ಮುಂದೆ ನಿಂತಳು.

"ಯಣ್ಣಾ, ಹುಡುಗಿದು ಪರೀಕ್ಷಿ ಅದ. ಬಸ್ಸು ನಿಲ್ಲವಲ್ದು."

ಅವರು ವೇಷದಲ್ಲೇ ರಸ್ತೆಯ ಕಡೆ ಹೊರಟುಬಿಟ್ಟರು. ಮೇಳದ ಹಿರಿಯರು ತಡೆದರು. ಮಂಗಳಾರತಿಗೆ ಮೊದಲು ವೇಷದಲ್ಲಿ ಆಟ ಬಿಟ್ಟುಹೋಗುವ ಪದ್ಧತಿ ನಮ್ಮಲ್ಲಿರಲಿಲ್ಲ.

"ಹೋಗೋದಾದ್ರ ಕಿರೀಟ ಇಳಿಸಿ ಹೋಗಲೇ" ಎಂದರು ಹಿರಿಯರೊಬ್ಬರು.

"ಕಿರೀಟ ಇಳಿಸಿದ್ರ ನಾ ಕುರಿ ಕಾಯೋ ಮಲ್ಲ" ಎಂದರು ಮಲ್ಲಪ್ಪ. "ಮಲ್ಲಗ ಯಾ ಬಸ್ಸು ನಿಲ್ತದ, ಯಪ್ಪಾ?"

ಮುಂದಿನ ಬಸ್ಸು ಬಂದಾಗ ಅವರು ಕಿರೀಟ, ಭುಜಕೀರ್ತಿ, ಗದೆಯ ಸಮೇತ ರಸ್ತೆಯ ನಡುವೆ ನಿಂತಿದ್ದರು. ಬಸ್ಸು ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಮಹಾರಾಜ್ರ, ದಾರಿ ಬಿಡ್ರಿ. ಒಳಗ ಸೂಜಿ ಹಾಕಾಕ ಜಾಗಿಲ್ಲ" ಎಂದ.

"ಸೂಜಿ ಯಾರಿಗೆ ಬೇಕಾಗೇದ? ಈ ಹುಡುಗಿನ್ನ ಹತ್ತಿಸ್ಕೋ."

ಒಳಗಿದ್ದ ಒಬ್ಬ ಮುದುಕಿ, "ಬಾ ಬೇ, ನನ್ನ ತೊಡಿ ಮ್ಯಾಲ ಕುಂದರು. ಅಂವ ಯುದ್ಧ ಗೆಲ್ಲದೇ ಹಿಂದ ಸರಿಯಂಗಿಲ್ಲ" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಮಲ್ಲಪ್ಪನವರು ನನ್ನನ್ನು ಎತ್ತಿ ಒಳಗೆ ಬಿಟ್ಟರು. ಅವರ ಕೈಬಣ್ಣ ನನ್ನ ತೋಳಿಗೆ ಅಂಟಿತು. ಅದೇ ತೋಳಿನಲ್ಲಿ ಪರೀಕ್ಷೆ ಬರೆದೆ, ಪಾಸಾದೆ. ರಾಯಚೂರಿನಲ್ಲಿ ತರಬೇತಿ ಮುಗಿಸಿ ಮಾನ್ವಿಯಲ್ಲಿ ಶಿಕ್ಷಕಿಯಾದೆ.

೧೯೮೬ರಲ್ಲಿ ಮಾನ್ವಿಯಲ್ಲಿ ನಮ್ಮ ಭಾಗದ ಹೆಸರಾಂತ ಕಲಾವಿದರಿಗೆ ಸನ್ಮಾನ ನಡೆಯಿತು. ಅಂದು ಶಾಲೆ ಬಿಟ್ಟು ಬರುವಾಗ ರಸ್ತೆಯ ಅಂಚಿನಲ್ಲಿ ಒಬ್ಬರು ನಿಂತಿದ್ದರು. ಮಾಸಿದ ಧೋತ್ರ, ಕಂಕುಳಲ್ಲಿ ಮಡಚಿದ ಹೊಸ ಶಾಲು. ಅವರು ಕೈ ಎತ್ತಿದರೂ ರಾಯಚೂರು ಬಸ್ಸು ನಿಲ್ಲದೆ ಹೋಯಿತು. ಆಗ ಗುರುತಿಸಿದೆ. ಮಲ್ಲಪ್ಪನವರು.

ನಾನು ಮಸರಕಲ್ಲಿನ ಪರೀಕ್ಷೆಯ ಹುಡುಗಿ ಎಂದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. ಅಷ್ಟರಲ್ಲಿ ಇನ್ನೊಂದು ಬಸ್ಸು ಬಂತು. ನಾನು ಕೊಡೆ ಬಿಚ್ಚಿ ರಸ್ತೆಯ ನಡುವೆ ನಿಂತೆ.

ಬ್ರೇಕು ಕಿರುಗುಟ್ಟಿತು. "ಸಾಯಾಕ ನನ್ನ ಬಸ್ಸೇ ಬೇಕಾತೇನ್ರಿ, ಟೀಚರ?" ಎಂದ ಡ್ರೈವರ್.

"ಮೊದಲ ಇವರನ್ನ ಹತ್ತಿಸ್ಕೊಳ್ರಿ. ಆಮ್ಯಾಲ ಬೈರಿ."

ಮಲ್ಲಪ್ಪನವರು ಮೆಟ್ಟಿಲ ಮೇಲೆ ನಿಂತು ತಿರುಗಿದರು. "ಕಿರೀಟ ಇಲ್ಲದೇನ ಬಸ್ಸು ನಿಲ್ಲಿಸಿದೆಲ್ಲಾ, ತಂಗಿ" ಎಂದರು.

ನಿವೃತ್ತಳಾಗುವವರೆಗೂ ಪರೀಕ್ಷೆಯ ದಿನ ನಾನು ಶಾಲೆಗೆ ಹೋಗುವ ಮೊದಲು ರಸ್ತೆಗೆ ಹೋಗುತ್ತಿದ್ದೆ. ನನ್ನ ಶಾಲೆಯ ಒಬ್ಬ ಹುಡುಗಿಯೂ ಬಸ್ಸು ನಿಲ್ಲಲಿಲ್ಲವೆಂದು ಮನೆಗೆ ಹಿಂದಿರುಗಲಿಲ್ಲ.