ಪಿಳ್ಳಮ್ಮ ಇಟ್ಟ ಬಿಂದಿಗೆ ಸಾಲು

ಪಿಳ್ಳಮ್ಮ ತೀರಿಕೊಂಡಳು. 1996ರ ಮಾರ್ಚ್ ಹನ್ನೊಂದು, ಸೋಮವಾರ, ಬೆಳಗಿನ ಆರು ಗಂಟೆಗೆ. ಐವತ್ತೆಂಟು ವರ್ಷ. ಎರಡು ತಿಂಗಳಿಂದ ಎದೆನೋವಿತ್ತು.

ದೊಡ್ಡಬೆಳವಂಗಲದಿಂದ ಮೂರು ಮೈಲಿ ಒಳಗಿರುವ ಅರಳುಕುಂಟೆಯಲ್ಲಿ ಅವಳನ್ನು ಅರಿಯದವರಿಲ್ಲ. ಕೆಳಗೇರಿಯ ಹೆಂಗಸು, ಮೇಲ್ಬೀದಿಯ ಕೊಂಡಪ್ಪನವರ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಬಿಡಿಸುವ ಕೂಲಿ. 1987ರಲ್ಲಿ ಮಂಡಲ ಪಂಚಾಯಿತಿಗಳು ಬಂದು ಹೆಂಗಸರಿಗೆ ಜಾಗ ಮೀಸಲಾದಾಗ ಅವಳನ್ನು ಸದಸ್ಯೆ ಮಾಡಿದವರೂ ಅದೇ ಕೊಂಡಪ್ಪ. ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಾಳೆ ಎಂದುಕೊಂಡಿದ್ದರು. ಅವಳಿಗೆ ಓದಲು ಬರೆಯಲು ಬರುತ್ತಿತ್ತು. ಅದನ್ನು ಅವರು ಯಾವತ್ತೂ ಕೇಳಿರಲಿಲ್ಲ.

ಮರುವರ್ಷ ಊರಿಗೆ ಒಂದು ಕೈಪಂಪು ಮಂಜೂರಾಯಿತು. ನೀರು ನೋಡುವವರು ಎರಡು ಜಾಗ ಗುರುತು ಮಾಡಿದರು: ಒಂದು ಕೊಂಡಪ್ಪನವರ ಮನೆಯ ಮುಂದೆ, ಇನ್ನೊಂದು ಕೆಳಗೇರಿಯ ಶಾಲೆಯ ಬಳಿ. ಎಲ್ಲಿ ಕೊರೆಯಬೇಕೆಂದು ಗ್ರಾಮಸಭೆ ತೀರ್ಮಾನಿಸಬೇಕು. ಸಭೆ ಎಂದರೆ ಅರಳಿಕಟ್ಟೆಯಲ್ಲಿ ಗಂಡಸರು ಕೈ ಎತ್ತುವುದು. ಕೆಳಗೇರಿಯ ಗಂಡಸರ ಕೈ ಕೊಂಡಪ್ಪನವರ ಕಣ್ಣೆದುರು ಯಾವ ಕಡೆಗೆ ಏಳುತ್ತದೆಂದು ಪಿಳ್ಳಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಮಾರನೆಯ ದಿನ ಅವರಿಗೆ ಕೂಲಿ ಬೇಕಲ್ಲ. ನೀರು ಹೊರುವ ಹೆಂಗಸರು ಮಾತ್ರ ಕಟ್ಟೆಯ ಹತ್ತಿರವೂ ಸುಳಿಯುತ್ತಿರಲಿಲ್ಲ.

ಆದರೆ ಅವರಿಗೆ ತಮ್ಮದೇ ಒಂದು ಕಟ್ಟಳೆಯಿತ್ತು. ಹಳೇ ಬಾವಿಯ ಹತ್ತಿರ ಬಿಂದಿಗೆ ಇಟ್ಟರೆ ಆ ಹೆಂಗಸೇ ನಿಂತಂತೆ. ಹಾಲು ಕರೆದು, ಮಗುವಿಗೆ ಉಣಿಸಿ ಬಂದರೂ ಜಾಗ ಹಾಗೇ ಇರುತ್ತಿತ್ತು. ಎಂಥ ಜಗಳಗಂಟಿಯೂ ಇನ್ನೊಬ್ಬಳ ಬಿಂದಿಗೆ ಸರಿಸುತ್ತಿರಲಿಲ್ಲ.

ಪಿಳ್ಳಮ್ಮ ಮನೆಮನೆಗೆ ಹೋಗಿ ಹೇಳಿದಳು: "ಮನೆಗೊಂದು ಬಿಂದಿಗೆ. ಪಂಪು ಎಲ್ಲಿ ಬೇಕೋ ಅಲ್ಲಿಡಿ. ನಸುಕಿನಲ್ಲೇ ಇಟ್ಟು ಹೋಗ್ರಮ್ಮಾ, ಯಾರೂ ನೋಡಬಾರದು."

ಬೆಳಗಾದಾಗ ಎರಡೂ ಕಡೆ ಬಿಂದಿಗೆಗಳು ಸಾಲಾಗಿ ನಿಂತಿದ್ದವು. ಮಂಡಲದ ಕಾರ್ಯದರ್ಶಿ ಕಾಂತರಾಜು ಸೈಕಲ್ಲಿಂದಿಳಿದು ಬೆರಗಾಗಿ ನಿಂತರು.

"ಏನಮ್ಮಾ ಇದು? ಯಾವ ಕಾನೂನಲ್ಲಿದೆ?"

"ಕೂಡದು ಅಂತ ಯಾವ ಕಾನೂನಲ್ಲಿದೆ, ತೋರಿಸಿ ಸ್ವಾಮಿ. ನಾನೂ ಓದ್ತೀನಿ."

ಜನ ನಕ್ಕರು. ಕಾಂತರಾಜು ಎಣಿಸಿದರು. ಮೇಲೆ ಅರವತ್ತನಾಲ್ಕು, ಕೆಳಗೆ ಐವತ್ತೊಂಬತ್ತು. ಕೊಂಡಪ್ಪ ಮೀಸೆಯಡಿಯಲ್ಲೇ ನಗುತ್ತಿದ್ದರು.

"ತಡೀರಿ," ಎಂದಳು ಪಿಳ್ಳಮ್ಮ. "ಊರಲ್ಲಿರೋದೇ ನೂರ ಹದಿನೇಳು ಮನೆ."

ಹೆಂಗಸರು ಮೇಲಿನ ಸಾಲಿಗೆ ನುಗ್ಗಿದರು. ಆರು ಬಿಂದಿಗೆ ಎತ್ತಿ ಪಕ್ಕಕ್ಕಿಡಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಾವಿಯಲ್ಲಿ ಸೇದುವ ಬಿಂದಿಗೆಯ ಕತ್ತಿನಲ್ಲಿ ಹಗ್ಗದ ಗೆರೆ ಬೀಳದೆ ಇರುತ್ತದೆಯೇ? ಆ ಆರರ ಕತ್ತು ಮದುವಣಗಿತ್ತಿಯ ಕೆನ್ನೆಯ ಹಾಗೆ ನುಣುಪಾಗಿತ್ತು.

"ಬಾಡಿಗೆಗೆ ತಂದವಾ ಗೌಡ್ರೆ? ಮದುವೆ ಯಾರ್ದು?" ಎಂದಳೊಬ್ಬಳು.

ಉಳಿದದ್ದು ಮೇಲೆ ಐವತ್ತೆಂಟು, ಕೆಳಗೆ ಐವತ್ತೊಂಬತ್ತು. ಒಂದೇ ಬಿಂದಿಗೆಯಲ್ಲಿ ಕೆಳಗೇರಿ ಗೆದ್ದಿತ್ತು.

ಕೊಂಡಪ್ಪ ಶಾಲೆಯ ಬಳಿ ಪಿಳ್ಳಮ್ಮನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಮೇಲ್ಬೀದಿಯವು ಯಾರ್ಯಾರ್ದು ಈ ಕಡೆ ಬಂದಿವೆ? ನಿನಗೆ ಗೊತ್ತು. ಹೇಳಿದ್ರೆ ನಾಳೆ ತೋಟಕ್ಕೆ ಬಾ. ಇಲ್ದಿದ್ರೆ ಬರಬೇಡ."

ಪಿಳ್ಳಮ್ಮನ ಕಣ್ಣು ಕೆಳಗಿನ ಸಾಲಿನ ಮೇಲಿತ್ತು. ಏಳನೆಯದು, ತಳದ ಅಂಚಿನಲ್ಲಿ ತ್ರಿಕೋನದ ಬೆಸುಗೆ ಇದ್ದದ್ದು, ಕೊಂಡಪ್ಪನವರ ಹೆಂಡತಿ ಗಂಗಲಕ್ಷ್ಮಮ್ಮನದು. ಇಪ್ಪತ್ತು ವರ್ಷ ಅದೇ ಬಿಂದಿಗೆಯ ನೀರು ಕುಡಿದಿದ್ದ ಯಜಮಾನರಿಗೆ ಅದರ ಗುರುತು ಹತ್ತಿರಲಿಲ್ಲ.

"ಬಿಂದಿಗೆಗೆ ಬಾಯಿ ಇದೆ ಗೌಡ್ರೆ, ನಾಲಿಗೆ ಇಲ್ಲ," ಎಂದಳು.

ಅವಳ ಕೂಲಿ ಹೋಯಿತು. ಮೂರು ವರ್ಷ ದೊಡ್ಡಬಳ್ಳಾಪುರದ ಬಸ್ಸು ಹಿಡಿದು ಮಗ್ಗದ ಮನೆಗಳಲ್ಲಿ ನೂಲು ಸುತ್ತಿದಳು. ಬೆಸುಗೆಯ ಮಾತು ಅವಳ ಬಾಯಿಂದ ಹೊರಬೀಳಲಿಲ್ಲ. ಹೋದ ವರ್ಷ ಕೊಂಡಪ್ಪನವರು ತೀರಿಕೊಂಡ ಮೇಲೆ ಗಂಗಲಕ್ಷ್ಮಮ್ಮನೇ ಅದನ್ನು ಊರಿಗೆ ಹೇಳಿಕೊಂಡು ನಕ್ಕರು. ಅದರಿಂದ ಈಗ ಬರೆಯಬಹುದು. "ಪಂಪು ನಮ್ಮ ಬಾಗಿಲಿಗೆ ಬಂದಿದ್ರೆ ಊರಿನ ಕೆಸರೆಲ್ಲಾ ನಾನೇ ಬಳೀಬೇಕಿತ್ತಲ್ಲಮ್ಮಾ," ಎಂದರಂತೆ. ಪಿಳ್ಳಮ್ಮ ಆಗಲೂ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಆಮೇಲೆ ಊರಿನಲ್ಲಿ ಬಿಂದಿಗೆ ಸಾಲೇ ರೂಢಿಯಾಯಿತು. ಬೀದಿದೀಪ, ಚರಂಡಿ, ಅಂಗನವಾಡಿ ಎಲ್ಲಕ್ಕೂ. ಮಂಡಲ ಹೋಗಿ ಗ್ರಾಮ ಪಂಚಾಯಿತಿ ಬಂದರೂ ಅದು ನಿಲ್ಲಲಿಲ್ಲ.

ಮಾರ್ಚ್ ಹತ್ತು, ಭಾನುವಾರ, ಅವಳು ತೀರಿಕೊಳ್ಳುವ ಹಿಂದಿನ ದಿನ ಮತ್ತೆ ಸಭೆ. ಈ ಸಲ ಓವರ್‌ಹೆಡ್ ಟ್ಯಾಂಕು, ಬೀದಿಬೀದಿಗೆ ನಲ್ಲಿ. ಜಾಗ ಮತ್ತೆ ಅವೇ ಎರಡು. ಪಿಳ್ಳಮ್ಮನಿಗೆ ಏಳಲಾಗುತ್ತಿರಲಿಲ್ಲ. ಗಂಗಲಕ್ಷ್ಮಮ್ಮ ಬಂದು, "ಕೊಡು, ನಿನ್ನದನ್ನೂ ಕೆಳಗಿನ ಸಾಲಿಗೆ ಇಟ್ಟುಬಿಡ್ತೀನಿ," ಎಂದರು.

"ಬೇಡ ಕಣಕ್ಕಾ. ನಾನೇ ಬರ್ತೀನಿ."

ಗಂಗಲಕ್ಷ್ಮಮ್ಮನ ತೋಳು ಹಿಡಿದು ನಡೆದಳು. ಶಾಲೆಯ ಬಳಿ ನಿಲ್ಲಲಿಲ್ಲ. ಏರುದಾರಿಯಲ್ಲಿ ಎರಡು ಕಡೆ ಕೂತು ಎದ್ದಳು; ಅಷ್ಟರಲ್ಲಿ ಬೆಳಕು ಹರಿದಿತ್ತು.

"ಪಿಳ್ಳಕ್ಕಾ, ದಾರಿ ತಪ್ತಾ? ನಮ್ಮ ಕೇರಿ ಬಿಟ್ಟುಕೊಟ್ಯಾ?" ಎಂದು ಕೆಳಗೇರಿಯ ಮುನಿರಾಮಯ್ಯ ಕೂಗಿದ.

"ನೀರಿಗೆ ಇಳಿಯೋದು ಗೊತ್ತು ಕಣ್ಲಾ, ಹತ್ತೋದು ಗೊತ್ತಿಲ್ಲ. ಟ್ಯಾಂಕು ಮೇಲಿದ್ರೇನೇ ನಮ್ಮ ಕೇರಿ ನಲ್ಲೀಲಿ ನೀರು."

ಹೀಗೆಂದು ಉಸಿರು ಸುಧಾರಿಸಿಕೊಂಡು, ಸೆರಗಿನಿಂದ ಬಿಂದಿಗೆಯ ಕತ್ತು ಒರೆಸಿ, ಮೇಲಿನ ಸಾಲಿನ ಕೊನೆಯಲ್ಲಿ ಇಟ್ಟಳು.